ಹುಲ್ಲು ನೀರಿನ ಹಾಗೆ ಕಂಡರೆ

1893ರ ಫೆಬ್ರವರಿ 22. ನ್ಯೂಯಾರ್ಕಿನಲ್ಲಿ ಹಿಮದ ಬಿರುಗಾಳಿ ಬೀಸುತ್ತಿತ್ತು. ಇಪ್ಪತ್ತೊಂಬತ್ತರ ಹರೆಯದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎರವಲು ತಂದ ಪುಟ್ಟ ಕ್ಯಾಮೆರಾ ಹಿಡಿದು ಫಿಫ್ತ್ ಅವೆನ್ಯೂ ರಸ್ತೆಯಲ್ಲಿ ಮೂರು ಗಂಟೆ ಕಾದ. ಕುದುರೆಗಾಡಿಯೊಂದು ಹಿಮ ಸೀಳಿಕೊಂಡು ಎದುರಿಗೆ ಬಂದಾಗ ಚಿತ್ರ ತೆಗೆದ. ನೆಗೆಟಿವ್‌ನ ಒದ್ದೆ ಆರುವ ಮೊದಲೇ ಅದನ್ನು ತನ್ನ ಹವ್ಯಾಸಿ ಸಂಘದ ಗೆಳೆಯರ ಮುಂದೆ ಹಿಡಿದ. ಅವರು ನಕ್ಕರು. ಎಲ್ಲವೂ ಮಸುಕು, ಒಂದು ಗೆರೆಯೂ ಚೂಪಾಗಿಲ್ಲ, ಬಿಸಾಡು ಅಂದರು.

ಈ ಕತೆಯನ್ನು ಹೇಳಿದವನು ಸ್ಟೀಗ್ಲಿಟ್ಸನೇ, ಅದೂ ಹೆಸರು ಬಂದು ಎಷ್ಟೋ ವರ್ಷಗಳಾದ ಮೇಲೆ. ಗೆದ್ದವರು ತಮ್ಮ ಅವಮಾನದ ಕತೆಗಳಿಗೆ ಒಂದಿಷ್ಟು ಒಗ್ಗರಣೆ ಹಾಕುವುದುಂಟು. ಆದರೂ ಗೆಳೆಯರು ಅಂದದ್ದರಲ್ಲಿ ನಂಬಲಾಗದ್ದೇನೂ ಇಲ್ಲ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಗಾಜಿನ ಫಲಕದ ಮೇಲೆ ಬಿಂಬ ಸರಿಮಾಡಿ, ಎಲೆ ಎಲೆಯೂ ಎಣಿಸಲು ಸಿಗುವಂಥ ಚಿತ್ರ ತೆಗೆಯುವುದೇ ಅಂದಿನ ಹವ್ಯಾಸಿಯ ಹೆಮ್ಮೆ. ಚಿತ್ರ ಚೂಪಾಗಿದ್ದರೆ ಶ್ರಮ ಪಟ್ಟಿದ್ದಾನೆ ಎಂದರ್ಥ. ಹಿಮ ಬೀಳುವಾಗ ಬೀದಿ ಕಣ್ಣಿಗೂ ಮಸುಕಾಗಿಯೇ ಕಾಣುತ್ತದಲ್ಲ ಎಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವರು ಚಿತ್ರ ನೋಡಲಿಲ್ಲ, ನಿಯಮ ನೋಡಿದರು. ಸ್ಟೀಗ್ಲಿಟ್ಸ್ ಆ ನೆಗೆಟಿವ್‌ನ ಒಂದು ಭಾಗವನ್ನಷ್ಟೇ ಉಳಿಸಿಕೊಂಡು ಪ್ರಿಂಟ್ ಮಾಡಿದ. ಇಂದು ಅದು ಛಾಯಾಗ್ರಹಣದ ಚರಿತ್ರೆಯ ಪುಸ್ತಕಗಳಲ್ಲಿ ತಪ್ಪದೆ ಬರುವ ಚಿತ್ರ.

ಬಿಸಾಡು ಅಂದಾಗಲೂ ಆತ ಬಿಸಾಡದೇ ಉಳಿದದ್ದಕ್ಕೆ ಹಳೆಯದೊಂದು ಮೆಚ್ಚುಗೆಯೂ ಕಾರಣವಿರಬಹುದು. 1887ರಲ್ಲಿ, ಬರ್ಲಿನ್ನಿನಲ್ಲಿ ಓದುತ್ತಿದ್ದ ಕಾಲಕ್ಕೆ, ಲಂಡನ್ನಿನ ‘ಅಮೆಚೂರ್ ಫೋಟೋಗ್ರಾಫರ್’ ಪತ್ರಿಕೆಯ ಸ್ಪರ್ಧೆಗೆ ಆತ ಇಟಲಿಯ ಬೆಲ್ಲಾಜಿಯೊ ಊರಿನ ನಗುವ ಮಕ್ಕಳ ಚಿತ್ರ ಕಳಿಸಿದ್ದ. ತೀರ್ಪುಗಾರ ಪೀಟರ್ ಹೆನ್ರಿ ಎಮರ್ಸನ್. ವೈದ್ಯವೃತ್ತಿ ಓದಿ, ಅದನ್ನು ಬಿಟ್ಟು, ಇಂಗ್ಲೆಂಡಿನ ಜೌಗು ಪ್ರದೇಶದ ಬಡವರ ಬದುಕನ್ನು ಚಿತ್ರಿಸಿದವನು. ಮೊದಲ ಬಹುಮಾನ ಕೊಟ್ಟದ್ದಲ್ಲದೆ, ಬಂದ ಚಿತ್ರಗಳಲ್ಲೆಲ್ಲ ಸಹಜವಾಗಿ ಒದಗಿಬಂದದ್ದು ಇದೊಂದೇ ಎಂದು ಕಾರಣವನ್ನೂ ಹೇಳಿದ. ಹುಡುಗನಿಗೆ ಪದಕಕ್ಕಿಂತ ಆ ಕಾರಣವೇ ದೊಡ್ಡದಾಗಿದ್ದರೆ ಆಶ್ಚರ್ಯವಿಲ್ಲ. ಇದೇ ಎಮರ್ಸನ್ 1889ರಲ್ಲಿ, ಮನುಷ್ಯನ ಕಣ್ಣು ನೋಡುವಂತೆಯೇ ಲೆನ್ಸ್ ತುಸು ಮೃದುವಾಗಿ ನೋಡಬೇಕು ಎಂದು ದಪ್ಪ ಪುಸ್ತಕ ಬರೆದ. ಕೆಲವೇ ಕಾಲದಲ್ಲಿ ಮನಸ್ಸು ಬದಲಾಗಿ, ನಾನು ಹೇಳಿದ್ದು ತಪ್ಪು ಎಂದು ಕಪ್ಪು ಅಂಚಿನ ಕರಪತ್ರ ಅಚ್ಚು ಹಾಕಿಸಿ ಹಂಚಿದ, ಸಾವಿನ ಸುದ್ದಿ ತಿಳಿಸುವ ಕಾಗದದ ಹಾಗೆ! ತನ್ನ ವಿಮರ್ಶೆಯನ್ನು ಇಷ್ಟು ಧೈರ್ಯವಾಗಿ ಹಿಂತೆಗೆದುಕೊಂಡ ವಿಮರ್ಶಕರು ಹೆಚ್ಚಿಲ್ಲ.

ನಗೆಗೆ ಈಡಾದವನು ಮೃದುವಾದನೇ? ಇಲ್ಲ. ಪತ್ರಿಕೆಯ ಸಂಪಾದಕನಾದ ಸ್ಟೀಗ್ಲಿಟ್ಸ್ ಹವ್ಯಾಸಿಗಳು ಕಳಿಸಿದ ಚಿತ್ರಗಳನ್ನು, ತಂತ್ರದಲ್ಲಿ ಕುಂದಿಲ್ಲ, ಚಿತ್ರವಾಗಿ ಕೊಳೆತದ್ದು ಎಂಬರ್ಥದ ಒಂದು ಸಾಲು ಗೀಚಿ ವಾಪಸು ಕಳಿಸುತ್ತಿದ್ದನೆಂದು ಹೇಳುತ್ತಾರೆ. ಸಾಲು ಚುರುಕಾಗಿದೆ, ನಿಜ. ಆದರೆ ಅದನ್ನು ಓದಿದವನು ಮರುದಿನ ಕ್ಯಾಮೆರಾ ಹಿಡಿದು ಏನು ಬೇರೆ ಮಾಡಬೇಕು? 1897ರಿಂದ ನ್ಯೂಯಾರ್ಕ್ ಕ್ಯಾಮೆರಾ ಕ್ಲಬ್ಬಿನ ‘ಕ್ಯಾಮೆರಾ ನೋಟ್ಸ್’ ಆತನ ಕೈಯಲ್ಲಿತ್ತು. ಚಂದಾ ಕೊಡುವ ಸದಸ್ಯರು ನಾವೆಲ್ಲಿ, ನಮ್ಮ ಚಿತ್ರಗಳೆಲ್ಲಿ ಎಂದು ಕೇಳತೊಡಗಿದರು. 1902ರಲ್ಲಿ ಆತ ಸಂಪಾದಕತ್ವ ಬಿಟ್ಟ. 1908ರಲ್ಲಿ ಕ್ಲಬ್ಬೇ ಆತನನ್ನು ಹೊರಹಾಕಿತು. ಆತ ಕೋರ್ಟಿನ ಮೆಟ್ಟಿಲು ಹತ್ತಿ ಸದಸ್ಯತ್ವ ಮರಳಿ ಪಡೆದ, ಪಡೆದ ಮೇಲೆ ತಾನಾಗಿಯೇ ರಾಜೀನಾಮೆ ಕೊಟ್ಟ.

ಅಷ್ಟರಲ್ಲಿ ಆತನಿಗೆ ತನ್ನದೇ ಪತ್ರಿಕೆ ‘ಕ್ಯಾಮೆರಾ ವರ್ಕ್’ ಇತ್ತು, ಫಿಫ್ತ್ ಅವೆನ್ಯೂವಿನ 291ನೇ ನಂಬರಿನಲ್ಲಿ ಪುಟ್ಟ ಗ್ಯಾಲರಿಯೂ ಇತ್ತು. 1907ರಲ್ಲಿ ಲೂಯಿಸ್ ಹೈನ್ ಎಂಬ ಮೇಷ್ಟ್ರು ತಮ್ಮ ಶಾಲೆಯ ಹುಡುಗರನ್ನು ಅಲ್ಲಿಗೆ ಕರೆತಂದರು. ಅವರಲ್ಲೊಬ್ಬ ಪಾಲ್ ಸ್ಟ್ರ್ಯಾಂಡ್. ಮುಂದೆ ಆ ಹುಡುಗ ಹವ್ಯಾಸಿಯಾಗಿ, ಅದೇ ಕ್ಯಾಮೆರಾ ಕ್ಲಬ್ಬಿನ ಡಾರ್ಕ್‌ರೂಮಿನಲ್ಲಿ ಕೆಲಸ ಕಲಿತ. ಆಗಾಗ ಪ್ರಿಂಟುಗಳನ್ನು ಕಟ್ಟಿಕೊಂಡು 291ಕ್ಕೆ ಹೋಗುತ್ತಿದ್ದ.

ಕಾಲಚಕ್ರ ತಿರುಗಿತ್ತು. ಒಂದು ಕಾಲಕ್ಕೆ ನಗೆಗೀಡಾದ ಮಸುಕೇ ಈಗ ಕಲೆಯ ಗುರುತು. ಅಂಚುಗಳನ್ನು ಕರಗಿಸುವ ಮೃದು ಲೆನ್ಸುಗಳನ್ನೇ ಜನ ಹುಡುಕಿ ಕೊಳ್ಳುತ್ತಿದ್ದರು. ಸ್ಟ್ರ್ಯಾಂಡನ ಬಳಿಯೂ ಅಂಥದೊಂದಿತ್ತು. ಒಂದು ದಿನ ಸ್ಟೀಗ್ಲಿಟ್ಸ್ ಪ್ರಿಂಟುಗಳನ್ನು ಒಂದೊಂದಾಗಿ ನೋಡಿ ಆಡಿದ ಮಾತನ್ನು ಸ್ಟ್ರ್ಯಾಂಡ್ ಮುಪ್ಪಿನವರೆಗೂ ನೆನೆಯುತ್ತಿದ್ದ. ಈ ಲೆನ್ಸು ಎಲ್ಲವನ್ನೂ ಒಂದೇ ಮಾಡಿಬಿಟ್ಟಿದೆ. ಹುಲ್ಲು ನೀರಿನ ಹಾಗಿದೆ, ನೀರು ಮರದ ತೊಗಟೆಯ ಹಾಗಿದೆ. ಯಾವ ವಸ್ತುವಿಗೂ ಅದರದೇ ಗುಣ ಉಳಿದಿಲ್ಲ. ಲೆನ್ಸಿನ ಬಾಯಿ ಕಿರಿದು ಮಾಡು. ಮಾತಿನ ಸಾರ ಇಷ್ಟೇ.

ಇದು ಹೊಗಳಿಕೆಯಲ್ಲ, ತೆಗಳಿಕೆಯೂ ಅಲ್ಲ. ಹುಡುಗನಿಗೆ ಕಣ್ಣಿಲ್ಲ ಅನ್ನಲಿಲ್ಲ, ಪ್ರತಿಭೆಯಿದೆ ಎಂದು ಬೆನ್ನೂ ತಟ್ಟಲಿಲ್ಲ. ಚಿತ್ರದಲ್ಲಿ ಆದದ್ದು ಏನು, ಅದು ಯಾವುದರಿಂದ ಆಯಿತು, ಯಾವುದನ್ನು ತಿರುಗಿಸಿದರೆ ಸರಿಹೋಗುತ್ತದೆ, ಇಷ್ಟು ಮಾತ್ರ. ಮೃದು ಲೆನ್ಸಿನ ಅಂಚಿನಿಂದ ಬರುವ ಬೆಳಕು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಅಪರ್ಚರ್ ಕಿರಿದಾದರೆ ಆ ಬೆಳಕಿಗೆ ತಡೆ ಬಿದ್ದು ಗೆರೆಗಳು ಗಟ್ಟಿಯಾಗುತ್ತವೆ. ಹೊಸ ಲೆನ್ಸ್ ಕೊಳ್ಳುವ ಖರ್ಚೂ ಇಲ್ಲದ ಸಲಹೆ! ಇನ್ನೊಂದು ಸಂಗತಿಯೂ ಇದೆ. ಸ್ಟೀಗ್ಲಿಟ್ಸ್ ಬಳಗವೇ ಮಸುಕನ್ನು ಕಲೆಯ ಮಟ್ಟಕ್ಕೆ ಏರಿಸಿದ್ದು. ತಾವು ಕಟ್ಟಿದ ಪಂಥದ ಕುಂದನ್ನೇ ಆತ ಕಿರಿಯನ ಪ್ರಿಂಟಿನಲ್ಲಿ ತೋರಿಸಿದ್ದ.

ಹಾಗೆಂದು ಒಂದು ಮಾತಿನಿಂದಲೇ ಸ್ಟ್ರ್ಯಾಂಡ್ ಹುಟ್ಟಿದ ಎನ್ನಲಾಗದು. 291ರ ಗೋಡೆಗಳ ಮೇಲೆ ಪಿಕಾಸೊ, ಸೆಜಾನ್ ಚಿತ್ರಗಳನ್ನು ಆತ ನೋಡಿದ್ದ. ಆದರೂ 1915ರಲ್ಲಿ ತೆಗೆದ ವಾಲ್ ಸ್ಟ್ರೀಟ್ ಚಿತ್ರದಲ್ಲಿ ಬ್ಯಾಂಕಿನ ಕಲ್ಲು ಕಲ್ಲಾಗಿಯೇ ಇದೆ, ಕಪ್ಪು ಕಿಟಕಿಗಳ ಕೆಳಗೆ ಇರುವೆಗಳಂತೆ ನಡೆಯುವ ಜನ ಜನರಾಗಿಯೇ ಇದ್ದಾರೆ. 1916ರ ಮಾರ್ಚಿನಲ್ಲಿ ಆತನ ಚಿತ್ರಗಳು 291ರ ಗೋಡೆ ಏರಿದವು. 1917ರ ಜೂನಿನಲ್ಲಿ ಬಂದ ‘ಕ್ಯಾಮೆರಾ ವರ್ಕ್’ ಕೊನೆಯ ಸಂಚಿಕೆ ಸ್ಟ್ರ್ಯಾಂಡನಿಗೇ ಮೀಸಲು. ಆ ಹೊತ್ತಿಗೆ ಪತ್ರಿಕೆಗೆ ಉಳಿದಿದ್ದ ಚಂದಾದಾರರು 40ಕ್ಕೂ ಕಡಿಮೆ.

ಗುರುಶಿಷ್ಯರ ನಂಟು ಕೊನೆತನಕ ಉಳಿಯಲಿಲ್ಲ. 1932ರಲ್ಲಿ ಸ್ಟೀಗ್ಲಿಟ್ಸನ ಹೊಸ ಗ್ಯಾಲರಿಯಲ್ಲಿ ಸ್ಟ್ರ್ಯಾಂಡ್ ದಂಪತಿಯ ಪ್ರದರ್ಶನ ನಡೆಯಿತು. ಅದಾದ ಮೇಲೆ ಸ್ಟ್ರ್ಯಾಂಡ್ ತನ್ನ ಬಳಿಯಿದ್ದ ಗ್ಯಾಲರಿಯ ಬೀಗದ ಕೈಯನ್ನು ಹಿಂದಿರುಗಿಸಿ ಹೊರಟ. 291ರೊಳಗೆ ಕಾಲಿಟ್ಟ ದಿನ ಎಷ್ಟು ಒಳ್ಳೆಯದೋ ಈ ಹೊಸ ಗ್ಯಾಲರಿಯಿಂದ ಆಚೆ ನಡೆದ ದಿನವೂ ಅಷ್ಟೇ ಒಳ್ಳೆಯದು ಎಂದು ಮುಂದೆ ಹೇಳಿಕೊಂಡ. ಹುಲ್ಲು ಮತ್ತು ನೀರಿನ ಮಾತನ್ನು ಮಾತ್ರ ಸ್ಟೀಗ್ಲಿಟ್ಸನ ಹೆಸರು ಬಿಡದೆ ಹೇಳುತ್ತಲೇ ಇದ್ದ.