ಬೊಮ್ಮಾಯಿ ಪ್ರಕರಣ: ತಲೆ ಎಣಿಸಬೇಕಾದ ಜಾಗ

ಅಧಿಕಾರ ವಿಭಜನೆ ಎಂದೊಡನೆ ನಮ್ಮ ಪಠ್ಯಗಳು ಮಾಂಟೆಸ್ಕ್ಯೂನ ಹೆಸರು ಹೇಳಿ ಮುಂದಕ್ಕೆ ಹೋಗುತ್ತವೆ. ನನಗೆ ಆ ಮಾತಿನ ತೂಕ ತಿಳಿದದ್ದು 1989ರ ಏಪ್ರಿಲ್‌ನ ಮೂರು ದಿನಗಳ ವಿವರವನ್ನು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಓದಿದಾಗ.

ಆಗ ಎಸ್.ಆರ್. ಬೊಮ್ಮಾಯಿ ಕರ್ನಾಟಕದ ಮುಖ್ಯಮಂತ್ರಿ. ಆಡಳಿತ ಪಕ್ಷ ತೊರೆದ ಶಾಸಕರೊಬ್ಬರು, ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡವರದೆಂದು 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಏಪ್ರಿಲ್ 19ರಂದು ರಾಜ್ಯಪಾಲರ ವರದಿ ರಾಷ್ಟ್ರಪತಿಗೆ ಹೋಯಿತು. ಮರುದಿನವೇ ಆ 19 ಮಂದಿಯಲ್ಲಿ ಏಳು ಜನ, ತಪ್ಪು ತಿಳಿವಳಿಕೆ ಕೊಟ್ಟು ನಮ್ಮ ಸಹಿ ಪಡೆದಿದ್ದಾರೆ, ನಮ್ಮ ಬೆಂಬಲ ಸರ್ಕಾರಕ್ಕೇ ಎಂದು ಬರೆದುಕೊಟ್ಟರು. ಬಹುಮತವನ್ನು ಸದನದಲ್ಲೇ ತೋರಿಸುತ್ತೇನೆ, ಬೇಕಾದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆಯೋಣ ಎಂದರು ಬೊಮ್ಮಾಯಿ. ರಾಜ್ಯಪಾಲರು ಒಪ್ಪಲಿಲ್ಲ. 21ರಂದು 356ನೇ ವಿಧಿಯಡಿ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. (ಈ ವಿಧಿ ಬಳಕೆಗೆ ಬಾರದೆಯೇ ಉಳಿಯಲಿ ಎಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಶಿಸಿದ್ದರು.)

ರಾಜಭವನದ ಮೇಜಿನ ಮೇಲೆ ಪತ್ರಗಳನ್ನು ಎಣಿಸಿ ಒಂದು ಸರ್ಕಾರವನ್ನು ಇಳಿಸಬಹುದೇ? ಪ್ರಶ್ನೆ ಇಷ್ಟೇ. ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬೇರೆ ಉತ್ತರ ಕೊಟ್ಟಿತು: ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ. ರಾಷ್ಟ್ರಪತಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಮಂತ್ರಿಮಂಡಲ ಕೊಟ್ಟ ಸಲಹೆ ಏನೆಂದು ಕೇಳುವಂತಿಲ್ಲ ನಿಜ, ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ತರಿಸಿ ನೋಡಬಹುದು. ಇವುಗಳ ನಡುವೆ ನನಗೆ ಮುಖ್ಯವೆನಿಸುವುದು, ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಅಂಶ. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಒಮ್ಮೆ ವಿಸರ್ಜಿಸಿ ಚುನಾವಣೆ ನಡೆಸಿಬಿಟ್ಟರೆ, ಆಮೇಲೆ ಬರುವ ತೀರ್ಪು ಯಾರನ್ನು ಎಲ್ಲಿ ಕೂರಿಸಬೇಕು?

ಬೊಮ್ಮಾಯಿಯವರಿಗೆ ಆದದ್ದೂ ಅದೇ. ಕರ್ನಾಟಕದ ಘೋಷಣೆ ಅಸಾಂವಿಧಾನಿಕ ಎಂದು ಪೀಠ ಹೇಳುವ ಹೊತ್ತಿಗೆ ಐದು ವರ್ಷ ಕಳೆದಿತ್ತು. 1989ರ ಕೊನೆಯಲ್ಲೇ ಚುನಾವಣೆ ಮುಗಿದು ಬೇರೆ ಪಕ್ಷದ ಸರ್ಕಾರ ಬಂದಿತ್ತು. ಗೆದ್ದ ಅರ್ಜಿದಾರನಿಗೆ ಕುರ್ಚಿ ಮರಳಲಿಲ್ಲ. ಈ ತಡವನ್ನು ತೀರ್ಪಿನ ಹೊಗಳಿಕೆಯಲ್ಲಿ ಮರೆಯಬಾರದು ಎಂಬುದು ನನ್ನ ತಕರಾರು.

2018ರ ಮೇನಲ್ಲಿ ಅದೇ ವಿಧಾನಸಭೆಯ ಬಹುಮತ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬಿ.ಎಸ್. ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟಿದ್ದು 15 ದಿನ. ಮರುದಿನವೇ ಸದನದಲ್ಲಿ ಬಹುಮತ ತೋರಿಸಿ ಎಂದು ಮೇ 18ರಂದು ನ್ಯಾಯಾಲಯ ಆದೇಶಿಸಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.