ಐದರಲ್ಲೊಂದು

ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ. ಪುಸ್ತಕವನ್ನೇ ಮುಟ್ಟದ ಹುಡುಗನೊಬ್ಬ ಕಣ್ಣುಮುಚ್ಚಿ ಎಲ್ಲದಕ್ಕೂ ಗುರುತು ಹಾಕಿ ಬಂದರೆ ಎಷ್ಟು ಬರಬಹುದು? ನಾಲ್ಕು ಪ್ರಶ್ನೆಯಲ್ಲಿ ಒಂದು ಸರಿ, ಮೂರು ತಪ್ಪು ಎಂದಿಟ್ಟುಕೊಳ್ಳಿ. ನಾಲ್ಕು ಅಂಕ ಬಂತು, ಮೂರು ಹೋಯಿತು, ಕೈಯಲ್ಲಿ ಒಂದು ಉಳಿಯಿತು. ಹಾಗಾದರೆ 180 ಪ್ರಶ್ನೆಗೆ 45. ಕುರುಡು ಊಹೆಯ ನಿರೀಕ್ಷಿತ ಮೌಲ್ಯ ಎಂದರೆ ಇದೇ. ಯುಪಿಎಸ್‌ಸಿ ಪ್ರಿಲಿಮ್ಸ್‌ನವರು ಇನ್ನೂ ಬಿಗಿ. ಅಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಕಡಿತ, ಊಹೆಯ ಫಲ ಸರಾಸರಿಯಲ್ಲಿ ಸೊನ್ನೆ.

ಸೂತ್ರ ಬೇಡವೆನ್ನುವವರು ಇದನ್ನೇ ಆಡಿಯೂ ನೋಡಬಹುದು. ಅಮೆರಿಕದ ರ‍್ಯಾಂಡ್ ಸಂಸ್ಥೆ 1955ರಲ್ಲಿ ಹತ್ತು ಲಕ್ಷ ಯಾದೃಚ್ಛಿಕ ಅಂಕಿಗಳ ಪುಸ್ತಕವೊಂದನ್ನು ಹೊರತಂದಿತು. ಯಾದೃಚ್ಛಿಕ ಎಂದರೆ, ಹಿಂದಿನ ಅಂಕಿಗಳನ್ನು ಎಷ್ಟು ನೋಡಿದರೂ ಮುಂದಿನದು ಯಾವುದೆಂದು ಹೇಳಲಾಗದ್ದು. ಅದರ ಮೊದಲ ಸಾಲಿನಲ್ಲಿ ಐವತ್ತು ಅಂಕಿಗಳಿವೆ. 0 ಮತ್ತು 9 ಬಂದರೆ ಬಿಟ್ಟುಬಿಡಿ, 1 ಅಥವಾ 5 ಬಂದರೆ ಊಹೆ ಸರಿ, ಮಿಕ್ಕಿದ್ದು ಬಂದರೆ ತಪ್ಪು. ನಾನು ಎಣಿಸಿದೆ. ಉಳಿದದ್ದು 38, ಸರಿಯಾದದ್ದು 10. ನೀಟ್ ಲೆಕ್ಕದಲ್ಲಿ 40 ಬಂದು 28 ಹೋಗಿ 12 ಅಂಕ. ಸೂತ್ರ ಹೇಳುವುದು ಒಂಬತ್ತೂವರೆ. ಒಂದು ಸಾಲಿಗೆ ಇಷ್ಟು ವ್ಯತ್ಯಾಸ ಸಹಜ, ನೂರು ಸಾಲು ಎಣಿಸಿದರೆ ಅಂತರ ಕರಗುತ್ತದೆ. ಹೀಗೆ ಆಡಿ ನೋಡುವುದರಲ್ಲಿ ಇನ್ನೊಂದು ಲಾಭವಿದೆ. 45 ಬರೀ ಸರಾಸರಿ; ಕಣ್ಣುಮುಚ್ಚಿ ಬರೆದ ಮೂವರಲ್ಲಿ ಇಬ್ಬರು ಹೆಚ್ಚುಕಡಿಮೆ 16ರಿಂದ 74ರ ನಡುವೆ ಎಲ್ಲಾದರೂ ಇರುತ್ತಾರೆ. ಸೂತ್ರದಲ್ಲಿ ಮರೆಯಾಗುವ ಈ ಏರಿಳಿತ, ಎಣಿಸುವಾಗ ಕಣ್ಣಿಗೆ ಹೊಡೆಯುತ್ತದೆ.

ಬರೀ ಊಹೆಯಿಂದ ಎಷ್ಟು ಬರುತ್ತದೆ ಎಂಬ ಪ್ರಶ್ನೆಗೆ ಮಾನ-ಮರ್ಯಾದೆಯೇ ಪಣವಾದದ್ದು ಪರೀಕ್ಷಾ ಕೊಠಡಿಯಲ್ಲಲ್ಲ, ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹೋಗುತ್ತದೆಯೇ ಎಂದು ಹುಡುಕಿದವರ ಕೋಣೆಗಳಲ್ಲಿ. 1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೆ. ಬಿ. ರೈನ್ 25 ಕಾರ್ಡುಗಳ ಕಟ್ಟು ಹಿಡಿದು ಕೂತರು. ವೃತ್ತ, ಕೂಡುಗುರುತು, ಅಲೆ, ಚೌಕ, ನಕ್ಷತ್ರ, ಒಂದೊಂದೂ ಐದೈದು. ಕಾಣದ ಕಾರ್ಡನ್ನು ಊಹಿಸಬೇಕು. ಬರೀ ಊಹೆಗೆ 25ರಲ್ಲಿ 5 ಸರಿ. ಜಾಣನೊಬ್ಬ 25 ಸಲವೂ ‘ನಕ್ಷತ್ರ’ ಎಂದೇ ಹೇಳಿದರೆ ಸರಿಯಾಗಿ ಐದೇ ಸಿಗುತ್ತದೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ! ರೈನ್ ಅವರ ಕೆಲವು ಜನ ಇದಕ್ಕಿಂತ ಹೆಚ್ಚು ತಂದರು. ನಿಮ್ಮ ‘ಐದು’ ಎಂಬುದೇ ತಪ್ಪಿರಬಾರದೇಕೆ ಎಂದು ಟೀಕಾಕಾರರು ಕೇಳಿದರು. ಅದಕ್ಕೆ ಉತ್ತರವಾಗಿ ಅಲ್ಲಿನ ಗಣಿತಜ್ಞ ಗ್ರೀನ್‌ವುಡ್, ಯಾವ ಮನಸ್ಸಿನ ಪ್ರಶ್ನೆಯೂ ಇಲ್ಲದೆ, ಕಲೆಸಿದ ಕಾರ್ಡುಗಳನ್ನು ಐದು ಲಕ್ಷ ಸಲ ತಾಳೆ ನೋಡಿ 1938ರಲ್ಲಿ ಪ್ರಕಟಿಸಿದರು. ಸರಾಸರಿ ಐದರ ಮಗ್ಗುಲಲ್ಲೇ ಬಂತು. ಐದು ಲಕ್ಷ ಸಲ! ಕಂಪ್ಯೂಟರ್ ಇಲ್ಲದ ಕಾಲದ ಸಿಮ್ಯುಲೇಶನ್ ಎಂದರೆ ಇದು.

ಆದರೆ ಕೈಯಿಂದ ಕಲೆಸಿದ ಕಾರ್ಡು ನಿಜಕ್ಕೂ ಕಲೆತಿರುತ್ತದೆಯೇ? ಇಸ್ಪೀಟು ಆಡುವವರಿಗೆ ಈ ಅನುಮಾನ ಹೊಸದಲ್ಲ. ಊಹಿಸುವವನಿಗೂ ಚಾಳಿಗಳಿರುತ್ತವೆ: ಒಂದೇ ಚಿತ್ರವನ್ನು ಎರಡು ಸಲ ಒಟ್ಟಿಗೆ ಹೇಳಲು ಮನಸ್ಸು ಒಪ್ಪುವುದಿಲ್ಲ. ಕಟ್ಟಿನ ಚಾಳಿ, ಮನುಷ್ಯನ ಚಾಳಿ ಎರಡೂ ಒಂದೇ ದಿಕ್ಕಿಗೆ ವಾಲಿದರೆ ಟೆಲಿಪತಿಯ ಹಂಗಿಲ್ಲದೆಯೇ ಅಂಕ ಏರುತ್ತದೆ. ಇದಕ್ಕೆ ಮದ್ದು ಆಗಲೇ ಅಂಗಡಿಯಲ್ಲಿತ್ತು. ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಎಲ್. ಎಚ್. ಸಿ. ಟಿಪ್ಪೆಟ್ 1927ರಲ್ಲಿ ಜನಗಣತಿ ವರದಿಗಳಿಂದ ಅಂಕಿಗಳನ್ನು ಹೆಕ್ಕಿ 41,600 ಯಾದೃಚ್ಛಿಕ ಅಂಕಿಗಳ ಕೋಷ್ಟಕ ಪ್ರಕಟಿಸಿದ್ದರು. ಇಂಥ ಅಂಕಿ ಎಲ್ಲಿಂದಲೋ ಎತ್ತಿಕೊಂಡರೆ ಆಗದು. ಕೆಂಡಾಲ್ ಮತ್ತು ಬ್ಯಾಬಿಂಗ್ಟನ್ ಸ್ಮಿತ್ ಲಂಡನ್ನಿನ ಟೆಲಿಫೋನ್ ಡೈರೆಕ್ಟರಿಯಿಂದ ಹತ್ತು ಸಾವಿರ ಅಂಕಿ ಎತ್ತಿ ನೋಡಿದಾಗ 5 ಮತ್ತು 9 ಕಡಿಮೆ ಬಿದ್ದಿದ್ದವು. ಫೋನಿನಲ್ಲಿ ಫೈವ್, ನೈನ್ ಒಂದೇ ಥರ ಕೇಳಿಸುತ್ತವಲ್ಲ!

ಈಗ ಎಸ್. ಜಿ. ಸೋಲ್ ಅವರ ವಿಷಯಕ್ಕೆ ಬರೋಣ. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಗಣಿತದ ಮೇಷ್ಟ್ರು. ರೈನ್ ಅವರ ಪ್ರಯೋಗವನ್ನು ಇಂಗ್ಲೆಂಡಿನಲ್ಲಿ ಮಾಡಿ ನೋಡಲು ಹೊರಟು, ಐದು ವರ್ಷ ಕೂತು, 160 ಜನರಿಂದ 1,28,350 ಊಹೆಗಳನ್ನು ಬರೆಸಿಕೊಂಡರು. ಸಿಕ್ಕಿದ್ದು ಐದರಲ್ಲೊಂದು. ಪಕ್ಕಾ ಸಂದೇಹವಾದಿ ಎಂಬ ಹೆಸರು ಅವರಿಗೆ ಬಂದದ್ದು ಹೀಗೆ. ಆಮೇಲೆ ವೇಟ್ಲಿ ಕ್ಯಾರಿಂಗ್ಟನ್ ಎಂಬ ಸಂಶೋಧಕರು, ಊಹೆಯನ್ನು ಆ ಹೊತ್ತಿನ ಕಾರ್ಡಿನ ಬದಲು ಅದರ ಹಿಂದಿನ, ಮುಂದಿನ ಕಾರ್ಡಿನ ಜೊತೆ ತಾಳೆ ನೋಡಿ ಎಂದು ಸಲಹೆ ಕೊಟ್ಟರು. ಹಳೆಯ ಹಾಳೆಗಳಲ್ಲಿ ಬೇಸಿಲ್ ಶ್ಯಾಕಲ್ಟನ್ ಎಂಬ ಫೋಟೋಗ್ರಾಫರ್ ಎದ್ದು ಕಂಡರು.

1941ರಿಂದ 1943ರವರೆಗೆ, ಯುದ್ಧದ ನಡುವೆ, ಶ್ಯಾಕಲ್ಟನ್ ಜೊತೆ ಹೊಸ ಪ್ರಯೋಗಗಳು ನಡೆದವು. ಕಾವಲು ಬಿಗಿಯಾಗಿತ್ತು, ಶ್ರೀಮತಿ ಗೋಲ್ಡ್ನಿ ಜೊತೆಗಿದ್ದರು. ಆನೆ, ಜಿರಾಫೆ, ಸಿಂಹ, ಪೆಲಿಕನ್, ಜೀಬ್ರಾ ಹೀಗೆ ಐದು ಚಿತ್ರ. ಒಂದರಿಂದ ಐದರವರೆಗಿನ ಯಾದೃಚ್ಛಿಕ ಅಂಕಿಗಳ ಪಟ್ಟಿಯಂತೆ ಒಂದೊಂದು ಚಿತ್ರವನ್ನು ಒಬ್ಬರು ನೋಡುತ್ತಾರೆ, ಇನ್ನೊಂದು ಕೋಣೆಯಲ್ಲಿ ಕೂತ ಶ್ಯಾಕಲ್ಟನ್ ತಮಗೆ ತೋಚಿದ್ದನ್ನು ಬರೆಯುತ್ತಾರೆ. ಮುಂದಿನ ಕಾರ್ಡಿನೊಂದಿಗೆ ತಾಳೆ ನೋಡಿದಾಗ 3,789 ಊಹೆಗಳಲ್ಲಿ 1,101 ಸರಿ! ಐದರಲ್ಲೊಂದು ಎಂದರೆ ಸುಮಾರು 758 ಆಗಬೇಕಿತ್ತು. ಅದೃಷ್ಟದ ಏರಿಳಿತ 25ರಷ್ಟು ಆಚೀಚೆ. ಇಲ್ಲಿನ ಹೆಚ್ಚಳ ಅದರ ಹದಿಮೂರು ಪಟ್ಟಿಗೂ ಮಿಕ್ಕಿದ್ದು. ಕೇಂಬ್ರಿಜ್‌ನ ತತ್ವಶಾಸ್ತ್ರಜ್ಞ ಸಿ. ಡಿ. ಬ್ರಾಡ್ ಇದನ್ನು ಗಂಭೀರವಾಗಿ ತೆಗೆದುಕೊಂಡರು. ಆಲನ್ ಟ್ಯೂರಿಂಗ್ 1950ರಲ್ಲಿ, ಯಂತ್ರ ಯೋಚಿಸಬಲ್ಲದೇ ಎಂದು ಕೇಳಿದ ಪ್ರಖ್ಯಾತ ಲೇಖನದಲ್ಲಿ, ಟೆಲಿಪತಿಗೆ ಅಂಕಿಸಂಖ್ಯೆಯ ಪುರಾವೆ ಬಲವಾಗಿದೆ ಎಂದು ಒಪ್ಪಿಕೊಂಡೇ ಮುಂದೆ ಹೋದರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. 758 ಸರಿ, 25 ಸರಿ, ಭಾಗಾಕಾರವೂ ಸರಿ. ಆದರೆ ಅಂಕಿಗಳ ಪಟ್ಟಿಯನ್ನು ಬರೆದು ತರುತ್ತಿದ್ದವರು ಯಾರು? ಬಹುಪಾಲು ಸೋಲ್ ಅವರೇ. ಟಿಪ್ಪೆಟ್ ಕೋಷ್ಟಕದಿಂದ, ಲಾಗರಿದಮ್ ಪುಸ್ತಕದ ಕೊನೆಯ ಅಂಕಿಗಳಿಂದ ಎತ್ತಿದ್ದೇನೆ ಎನ್ನುತ್ತಿದ್ದರು. ಯಾದೃಚ್ಛಿಕ ಅಂಕಿ ಊಹಿಸುವವನ ಚಾಳಿಯಿಂದ ಕಾಪಾಡುತ್ತದೆ, ಪಟ್ಟಿ ಬರೆಯುವವನಿಂದ ಕಾಪಾಡುವುದಿಲ್ಲ. 1955ರಲ್ಲಿ ಜಾರ್ಜ್ ಪ್ರೈಸ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ‘ಸೈನ್ಸ್’ ಪತ್ರಿಕೆಯಲ್ಲಿ ಮುಖಕ್ಕೆ ಹೊಡೆದಂತೆ ಬರೆದರು: ಟೆಲಿಪತಿಯನ್ನು ನಂಬುವುದಕ್ಕಿಂತ ಯಾರೋ ಮೋಸ ಮಾಡಿರಬೇಕೆಂದು ನಂಬುವುದು ಸುಲಭ. ಕೈಯಲ್ಲಿ ಸಾಕ್ಷಿ ಇರಲಿಲ್ಲ, ದೊಡ್ಡ ಗದ್ದಲವಾಯಿತು. ಪ್ರಯೋಗದಲ್ಲಿ ಚಿತ್ರ ನೋಡುವ ಕೆಲಸ ಮಾಡಿದ್ದ ಒಬ್ಬಾಕೆ, ಸೋಲ್ 1 ಅನ್ನು 4 ಅಥವಾ 5 ಆಗಿ ತಿದ್ದುವುದನ್ನು ಕಂಡೆ ಎಂದಿದ್ದರು. ಮೂಲ ಹಾಳೆಗಳನ್ನು ನೋಡಿದರೆ ತೀರ್ಮಾನವಾಗುತ್ತಿತ್ತು. ಅವು ರೈಲಿನಲ್ಲಿ ಕಳೆದುಹೋದವು ಎಂದರು ಸೋಲ್. ಉಳಿದದ್ದು ನಕಲು ಮಾತ್ರ.

ಗುಟ್ಟು ಬಿಟ್ಟುಕೊಟ್ಟದ್ದು ಅಂಕಿಗಳೇ. ಬೆಟ್ಟಿ ಮಾರ್ಕ್‌ವಿಕ್ ಎಂಬ ಸಂಶೋಧಕಿ ಆ ನಕಲು ಹಾಳೆಗಳನ್ನು ತಾಳ್ಮೆಯಿಂದ ಶೋಧಿಸಿದರು. ಸೋಲ್ ಅಂಕಿಗಳನ್ನು ಲಾಗರಿದಮ್ ಪುಸ್ತಕದಲ್ಲಿ ಎಲ್ಲಿಂದ ಎತ್ತಿದರೆಂದು ಹಿಂದೆ ಹುಡುಕಿದವರಿಗೆ ಸಿಕ್ಕಿರಲಿಲ್ಲ. ಮಾರ್ಕ್‌ವಿಕ್ ಅವರಿಗೆ ಸಿಕ್ಕಿದ್ದು ಬೇರೆ: ಒಂದು ದಿನದ ಪಟ್ಟಿಯ ಸಾಲುಗಳು ಇನ್ನೊಂದು ಕಡೆ ಮತ್ತೆ ಬಂದಿದ್ದವು, ಕೆಲವೊಮ್ಮೆ ಹಿಂದುಮುಂದಾಗಿ. ಒಂದರಿಂದ ಐದರವರೆಗಿನ ಅಂಕಿಗಳಲ್ಲಿ ಇಪ್ಪತ್ತರ ಒಂದು ಸಾಲು ಇನ್ನೊಂದಕ್ಕೆ ತಾನಾಗಿ ಹೊಂದುವ ಸಾಧ್ಯತೆ 95 ಲಕ್ಷ ಕೋಟಿಯಲ್ಲಿ ಒಂದು. ಮತ್ತೆ ಬಂದಿದೆ ಎಂದರೆ ಯಾರೋ ನಕಲು ಮಾಡಿದ್ದಾರೆ ಎಂದೇ ಅರ್ಥ. ಆದರೆ ಮರಳಿ ಬಂದ ಸಾಲುಗಳು ಪೂರ್ತಿ ಹೊಂದುತ್ತಿರಲಿಲ್ಲ. ನಡುನಡುವೆ ಒಂದೊಂದು ಹೆಚ್ಚಿನ ಅಂಕಿ ತೂರಿಕೊಂಡಿತ್ತು. ಹಾಗೆ ತೂರಿಕೊಂಡ ಅಂಕಿಗಳ ಮುಂದೆ ಶ್ಯಾಕಲ್ಟನ್ ಊಹೆಗಳನ್ನಿಟ್ಟು ನೋಡಿದರೆ, ಹೆಚ್ಚಿನವು ಸರಿ. ಪಟ್ಟಿಯಲ್ಲಿ ಅಲ್ಲಲ್ಲಿ ಜಾಗ ಖಾಲಿ ಬಿಟ್ಟು ಊಹೆ ಗೊತ್ತಾದ ಮೇಲೆ ತುಂಬಿರಬೇಕು ಎಂಬುದು ಒಂದು ವಿವರಣೆ. ಆ ಅಂಕಿಗಳನ್ನು ತೆಗೆದು ಮತ್ತೆ ಎಣಿಸಿದಾಗ ಶ್ಯಾಕಲ್ಟನ್ ಅವರ ಪವಾಡ ಐದರಲ್ಲೊಂದಕ್ಕೆ ಇಳಿಯಿತು.

ಮಾರ್ಕ್‌ವಿಕ್ ಇದನ್ನು ಪ್ರಕಟಿಸಿದ್ದು 1978ರಲ್ಲಿ. ಅಷ್ಟರಲ್ಲಿ ಸೋಲ್ ತೀರಿಕೊಂಡು ಮೂರು ವರ್ಷವಾಗಿತ್ತು. ಪ್ರೈಸ್ ಕೂಡ ಅದೇ 1975ರಲ್ಲಿ ತೀರಿಕೊಂಡಿದ್ದರು. ಸಾಯುವ ಮೂರು ವರ್ಷ ಮುಂಚೆ, ಅದೇ ‘ಸೈನ್ಸ್’ ಪತ್ರಿಕೆಯಲ್ಲಿ, ಅವರು ಸೋಲ್ ಮತ್ತು ರೈನ್ ಇಬ್ಬರ ಕ್ಷಮೆ ಕೇಳಿದ್ದರು.