ಐದು ಮೈಲಿಯ ಲೆಕ್ಕ: ನಮ್ಮೂರಿನ ರಸ್ತೆಯ ಹಿಂದಿನ ಕಥೆ

ಚುನಾವಣೆ ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ಖಾಯಂ. 'ರಸ್ತೆ ಇಲ್ಲ, ಮತವೂ ಇಲ್ಲ' ಎಂದು ಬ್ಯಾನರ್ ಕಟ್ಟಿದ ಊರು, ಸಮಾಧಾನ ಹೇಳಲು ಬಂದ ತಹಶೀಲ್ದಾರರು, ಅರ್ಧ ಕಾಲಂ ವರದಿ. ಆ ಊರಿಗೆ ರಸ್ತೆ ಯಾಕೆ ಬರಲಿಲ್ಲ ಎಂದು ಕೇಳಿದರೆ 'ಜನಪ್ರತಿನಿಧಿಗಳ ನಿರ್ಲಕ್ಷ್ಯ' ಎಂದು ಬರೆದು ಮುಗಿಸುತ್ತೇವೆ. ನಿರ್ಲಕ್ಷ್ಯ ಇರುತ್ತದೆ, ನಿಜ. ಆದರೆ ಅದರ ಹಿಂದೆ ಒಂದು ಲೆಕ್ಕವೂ ಇದೆ. ಆ ಲೆಕ್ಕವನ್ನು ಎಂಜಿನಿಯರುಗಳು ಆಳುವವರಿಗೆ ಹೇಗೆ ಒಪ್ಪಿಸಿದರು ಎಂಬುದೇ ಒಂದು ಇತಿಹಾಸ.

ಮೊದಲ ಮಹಾಯುದ್ಧ ಮುಗಿದ ಮೇಲೆ ಮೋಟಾರು ವಾಹನಗಳು ಹೆಚ್ಚಿದವು. ಇದ್ದ ರಸ್ತೆಗಳು ಎತ್ತಿನ ಗಾಡಿಗೆಂದು ಮಾಡಿದ ಜಲ್ಲಿ ರಸ್ತೆಗಳು. ಮೋಟಾರಿನ ವೇಗಕ್ಕೆ ಜಲ್ಲಿ ಕಿತ್ತು ಬರುತ್ತಿತ್ತು, ಬೇಸಿಗೆಯಲ್ಲಿ ಧೂಳು ಏಳುತ್ತಿತ್ತು. ಅಷ್ಟರಲ್ಲಿ 1919ರ ಸುಧಾರಣೆಗಳ ಪ್ರಕಾರ ರಸ್ತೆಯ ಹೊಣೆ ಪ್ರಾಂತಗಳ ಪಾಲಾಗಿತ್ತು. ಪ್ರಾಂತಗಳ ಬೊಕ್ಕಸದಲ್ಲಿ ದುಡ್ಡಿರಲಿಲ್ಲ.

1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಜಯಕರ್ ವಕೀಲರು, ಕೇಂದ್ರ ಶಾಸನಸಭೆಯ ಸದಸ್ಯರು. 1928ರಲ್ಲಿ ಬಂದ ವರದಿಯ ವಾದ ಸರಳವಾಗಿತ್ತು: ರಸ್ತೆ ಈಗ ಪ್ರಾಂತಗಳ ಕೈಮೀರಿದ ಕೆಲಸ, ಅದು ದೇಶದ ಕೆಲಸ. ಹಾಗಾದರೆ ದುಡ್ಡು ಎಲ್ಲಿಂದ? ರಸ್ತೆ ಬಳಸುವವರಿಂದಲೇ. ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿ, ಅದನ್ನು ರಸ್ತೆಗೆಂದೇ ಎತ್ತಿಡಬೇಕು. 1929ರಲ್ಲಿ ಗ್ಯಾಲನ್‌ಗೆ 2 ಆಣೆಯಂತೆ ಸೇರುವ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಖಜಾನೆ ಕಾಯುವವರ ಮುಂದೆ ಬರೀ ಬೇಡಿಕೆ ಇಡದೆ, ಆದಾಯದ ದಾರಿಯನ್ನೂ ಸಮಿತಿ ತೋರಿಸಿತ್ತು.

ಅದೇ ವರದಿ ಇನ್ನೆರಡು ಮಾತು ಹೇಳಿತ್ತು. ಎಂಜಿನಿಯರುಗಳು ಕೂತು ಅನುಭವ ಹಂಚಿಕೊಳ್ಳಲು ಒಂದು ವೇದಿಕೆ ಬೇಕು, ಸಂಶೋಧನೆಗೆ ಒಂದು ಸಂಸ್ಥೆ ಬೇಕು. ವೇದಿಕೆ 1934ರ ಡಿಸೆಂಬರಿನಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಹೆಸರಿನಲ್ಲಿ ಬಂತು. ದೆಹಲಿಯ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ಬಾಗಿಲು ತೆರೆದದ್ದು ಮಾತ್ರ 1952ರಲ್ಲಿ. ರಸ್ತೆಗೆ ಒಂದೇ ವರ್ಷದಲ್ಲಿ ನಿಧಿ ಸಿಕ್ಕರೆ, ರಸ್ತೆಯ ಸಂಶೋಧನೆಗೆ ನೆಲೆ ಸಿಗಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು.

1943ರ ಡಿಸೆಂಬರಿನಲ್ಲಿ, ಎರಡನೇ ಮಹಾಯುದ್ಧದ ನಡುವೆಯೇ, ಪ್ರಾಂತಗಳ ಮತ್ತು ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿದರು. ಇಡೀ ದೇಶಕ್ಕೆ 20 ವರ್ಷಗಳ ರಸ್ತೆ ಯೋಜನೆಯನ್ನು ಅವರು ತಯಾರಿಸಿದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಎಂಬ ವಿಂಗಡಣೆ ಗಟ್ಟಿಯಾದದ್ದು ಅಲ್ಲಿಯೇ. ಆದರೆ ಜನಕ್ಕೂ ಸರ್ಕಾರಕ್ಕೂ ನೆನಪುಳಿದದ್ದು ಒಂದೇ ವಾಕ್ಯ: ಕೃಷಿ ಚೆನ್ನಾಗಿರುವ ಪ್ರದೇಶದಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ದೂರ ಇರಬಾರದು. ಎಂಜಿನಿಯರಿಂಗ್ ಓದದ ಮಂತ್ರಿಗೂ ಅರ್ಥವಾಗುವ ಮಾತು. ರೈತನೂ ತನ್ನ ಗಾಡಿಯ ದಾರಿಯಲ್ಲಿ ಅಳೆದು ನೋಡಬಹುದಾದ ಮಾತು.

ಆ ವಾಕ್ಯದ ಹಿಂದೆ ಸೂತ್ರಗಳಿದ್ದವು. ಹಳ್ಳಿ ರಸ್ತೆ ಮತ್ತು ಸಣ್ಣ ಜಿಲ್ಲಾ ರಸ್ತೆಗಳ ಒಟ್ಟು ಉದ್ದ ಎಷ್ಟಿರಬೇಕು ಎಂದು ತಿಳಿಯಲು ಊರುಗಳನ್ನು ಜನಸಂಖ್ಯೆಯ ಮೇಲೆ ಎಣಿಸುತ್ತಿದ್ದರು. 2,001ರಿಂದ 5,000 ಜನರಿರುವ ಊರಿಗೆ 2 ಮೈಲಿ, 1,001ರಿಂದ 2,000ಕ್ಕೆ 1 ಮೈಲಿ, 501ರಿಂದ 1,000ಕ್ಕೆ ಅರ್ಧ ಮೈಲಿ. 500ಕ್ಕಿಂತ ಹೆಚ್ಚಿಲ್ಲದ ಊರಿಗೆ ಮೈಲಿಯ ಐದನೇ ಒಂದು ಪಾಲು, ಅಂದರೆ ಸುಮಾರು 320 ಮೀಟರ್. ಐದು ಪುಟ್ಟ ಹಳ್ಳಿ ಸೇರಿದರೆ ಒಂದು ಮೈಲಿ!

ಸೂತ್ರ ಹೇಳಿದ್ದು ಒಟ್ಟು ಎಷ್ಟು ಉದ್ದದ ರಸ್ತೆ ಬೇಕು ಎಂದು. ಯಾವ ಊರಿಗೆ ಎಂದು ಅದು ಹೇಳಲಿಲ್ಲ. ಆ ಆಯ್ಕೆ ಕಚೇರಿಗಳ, ರಾಜಕಾರಣದ ಕೈಯಲ್ಲಿ ಉಳಿಯಿತು. ಹೀಗಾಗಿ 1961ರ ಹೊತ್ತಿಗೆ, ಅವಧಿಗೂ ಎರಡು ವರ್ಷ ಮೊದಲೇ, ಒಟ್ಟು ಉದ್ದದ ಗುರಿ ಮುಟ್ಟಿತು. ಅದರ ದೊಡ್ಡ ಪಾಲು ಮಳೆಗಾಲದಲ್ಲಿ ಕೆಸರಾಗುವ ಮಣ್ಣಿನ ದಾರಿ. ಮುಂದಿನ ಬಾಂಬೆ ಯೋಜನೆ 5 ಮೈಲಿಯನ್ನು 4ಕ್ಕೆ ಇಳಿಸಿತು. ಆದರೂ 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದಾಗ, ದೇಶದ ಸುಮಾರು 40 ಶೇಕಡ ಜನವಸತಿಗಳಿಗೆ ಸರ್ವಋತು ರಸ್ತೆಯೇ ಇರಲಿಲ್ಲ.

ಸಡಕ್ ಯೋಜನೆ ಪ್ರಶ್ನೆಯನ್ನೇ ಬದಲಿಸಿತು. ಕಂದಾಯ ಗ್ರಾಮದ ಬದಲು ಜನವಸತಿಯನ್ನು ಎಣಿಸಿತು. ಕಂದಾಯ ದಾಖಲೆಯಲ್ಲಿ ದೊಡ್ಡ ಊರಿನ ಹೆಸರಿನೊಳಗೆ ಮುಚ್ಚಿಹೋಗಿದ್ದ ಹಟ್ಟಿ, ತಾಂಡಾ, ಹಾಡಿಗಳೂ ಲೆಕ್ಕಕ್ಕೆ ಬರುವ ದಾರಿ ತೆರೆಯಿತು. ಬಯಲು ಸೀಮೆಯಲ್ಲಿ ಸರ್ವಋತು ರಸ್ತೆಯಿಂದ 500 ಮೀಟರ್ ಅಥವಾ ಅದಕ್ಕಿಂತ ದೂರದಲ್ಲಿದ್ದರೆ ಆ ವಸತಿಗೆ ಸಂಪರ್ಕ ಇಲ್ಲವೆಂದು ಅರ್ಥ. 1943ರಲ್ಲಿ 5 ಮೈಲಿ ಸಾಕು ಎನಿಸಿದ್ದ ಅಂತರ 500 ಮೀಟರಿಗೆ ಬಂತು. ಆದರೆ ಜನಸಂಖ್ಯೆಯ ಗೆರೆ ಉಳಿಯಿತು: ಬಯಲು ಸೀಮೆಯಲ್ಲಿ 500, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 250. 480 ಜನರ ಬಯಲು ಸೀಮೆಯ ಹಟ್ಟಿ ಆ ಗೆರೆಯ ಆಚೆಯೇ ನಿಂತಿತು.

ಜಯಕರ್ ವರದಿಯಿಂದ ಇಲ್ಲಿಯವರೆಗೆ ಗೆದ್ದದ್ದೆಲ್ಲ ಆಳುವವರಿಗೆ ತಿಳಿಯುವ ಒಂದು ಅಂಕಿಯಾಗಿ ಹೋದ ಸಂಶೋಧನೆ: 2 ಆಣೆ, 5 ಮೈಲಿ, 500 ಮೀಟರ್. ಅಂಕಿಗೆ ಸಿಗದೆ ಹೋದವರು ರಸ್ತೆಗೂ ಸಿಗಲಿಲ್ಲ. ಮುಂದಿನ ಸಲ ಬ್ಯಾನರ್ ಕಟ್ಟಿದ ಊರಿಗೆ ವರದಿಗೆಂದು ಹೋದಾಗ, ತಹಶೀಲ್ದಾರರ ಭರವಸೆಯ ಜೊತೆಗೆ ಇನ್ನೆರಡು ವಿಷಯ ಕೇಳಿ ಬರೋಣ. ಈ ವಸತಿಯನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಎಣಿಸಿದ್ದಾರೆಯೇ? ಎಣಿಸಿದ್ದರೆ, ಎಷ್ಟು ಜನ ಎಂದು ಬರೆದಿದ್ದಾರೆ?